ಕಪ್ಪಿಗೆ ಪೀತಾಂಬರ, ಬಿಳುಪಿಗೆ ನೀಲಾಂಬರ

ಮುಂಡಾಜೆಯ ಸೋಮಂತಡ್ಕದಲ್ಲಿ, ಉಜಿರೆಯಿಂದ ಚಾರ್ಮಾಡಿಗೆ ಹೋಗುವ ಹೆದ್ದಾರಿಯ ಬದಿಗೆ ನನ್ನ ಹೊಲಿಗೆ ಅಂಗಡಿ. ಚೂಡಿದಾರ, ಶಾಲೆಯ ಯೂನಿಫಾರ್ಮ್, ಫಾಲ್, ಪಿಕೋ ಎಲ್ಲ ಉಂಟು. ಆದರೆ ಹೆಚ್ಚಿನ ಕೆಲಸ ರವಿಕೆಯದ್ದು. ಸೀರೆ ತಂದು ಕಟಿಂಗ್ ಮೇಜಿನ ಮೇಲೆ ಹರಡಿದವರು ಅಳತೆ ಕೊಡುವ ಮೊದಲು ಒಂದು ಮಾತು ಕೇಳಿಯೇ ಕೇಳುತ್ತಾರೆ: "ಅಕ್ಕಾ, ಈ ಬಣ್ಣ ನನಗೆ ಆಗ್ತದಾ?" ಕೇಳುವವರಲ್ಲಿ ಹೆಚ್ಚಿನವರ ಮನಸ್ಸಿನಲ್ಲಿ ಉತ್ತರ ಆಗಲೇ ತಯಾರಿರುತ್ತದೆ. ನಾನು ಕಪ್ಪು, ಹಾಗಾಗಿ ಆಗಲಿಕ್ಕಿಲ್ಲ ಅಂತ. ಆ ಉತ್ತರ ಎಲ್ಲಿ ತಪ್ಪುತ್ತದೆ ಎಂದು ವಿವರವಾಗಿ ಹೇಳಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿತ್ತು.

ನಮ್ಮಲ್ಲಿ ಮನೆಮನೆಯಲ್ಲಿ ಒಂದು ನಿಯಮ ಉಂಟು. ಕಪ್ಪಗಿನವರು ತಿಳಿಬಣ್ಣ ಉಡಬೇಕು, ಆಗ "ಸ್ವಲ್ಪ ಬೆಳ್ಳಗೆ ಕಾಣ್ತಾರೆ". ಈ ಮಾತು ಕೇಳಿ ಬೆಳೆದ ಹುಡುಗಿಯರು ಬಿಸ್ಕಿಟ್ ಬಣ್ಣ, ಬೂದು ಬಣ್ಣ, ಮಂಕಾದ ತಿಳಿಗುಲಾಬಿ ಇವುಗಳಲ್ಲೇ ಪ್ರಾಯ ಕಳೆಯುತ್ತಾರೆ. ಫೇರ್ ಆ್ಯಂಡ್ ಲವ್ಲಿ ಎಂಬ ಕ್ರೀಮು ಮಾರುಕಟ್ಟೆಗೆ ಬಂದದ್ದು 1975ರಲ್ಲಿ. 2020ರಲ್ಲಿ ಕಂಪನಿ ಅದರ ಹೆಸರಿನಿಂದ ಫೇರ್ ಎಂಬ ಶಬ್ದವನ್ನು ತೆಗೆದು ಗ್ಲೋ ಎಂದು ಮಾಡಿತು. ಡಬ್ಬಿಯ ಮೇಲಿನ ಹೆಸರು ಹೋಯಿತು, ಬಟ್ಟೆ ಅಂಗಡಿಯಲ್ಲಿ ಸೀರೆ ಆರಿಸುವ ಅಮ್ಮಂದಿರ ಕಣ್ಣಿನಿಂದ ಮಾತ್ರ ಹೋಗಿಲ್ಲ. ಸೀರೆ ಯಾರನ್ನೂ ಬೆಳ್ಳಗೆ ಮಾಡುವುದಿಲ್ಲ. ಒಳ್ಳೆಯ ಬಣ್ಣ ಮಾಡುವ ಕೆಲಸ ಒಂದೇ: ಮುಖವನ್ನು ಸ್ಪಷ್ಟ ಮಾಡುವುದು. ಕಣ್ಣಿನ ಕೆಳಗಿನ ಕಪ್ಪು ಕಡಿಮೆ ಕಾಣಬೇಕು, ಹಲ್ಲು ಬೆಳಗಬೇಕು, ಎದುರಿನವರ ದೃಷ್ಟಿ ಬಟ್ಟೆಯಲ್ಲಿ ಸಿಕ್ಕಿಬೀಳದೆ ಮುಖಕ್ಕೆ ಬರಬೇಕು.

ಯಕ್ಷಗಾನ, ಹರಿಕಥೆ ಕೇಳಿ ಬೆಳೆದ ನಮಗೆ ಇದು ಹೊಸತೂ ಅಲ್ಲ. ಕೃಷ್ಣ ನೀಲಮೇಘಶ್ಯಾಮ, ಉಡುವುದು ಪೀತಾಂಬರ. ಅಣ್ಣ ಬಲರಾಮ ಬಿಳಿ ಮೈಬಣ್ಣದವನು, ಅವನಿಗೆ ನೀಲಾಂಬರ. ಕಪ್ಪಗಿನ ತಮ್ಮನಿಗೆ ಬೂದು ಬಣ್ಣ ಉಡಿಸಿ ಬಣ್ಣ ಅಡಗಿಸಬೇಕೆಂದು ಪುರಾಣಕಾರರಿಗೆ ತೋರಲಿಲ್ಲ. ಮೋಡದ ಮೈಗೆ ಮಿಂಚಿನ ಬಟ್ಟೆ ಕೊಟ್ಟರು, ಮೋಡವೂ ಎದ್ದು ಕಂಡಿತು, ಮಿಂಚೂ ಎದ್ದು ಕಂಡಿತು. ಬಣ್ಣದ ಚಕ್ರದಲ್ಲಿ ನೀಲಿಯ ಎದುರು ಹಳದಿ, ಕಿತ್ತಳೆ ಬರುತ್ತವೆ ಎಂದು ಇವತ್ತು ಪಾಠದಲ್ಲಿ ಕಲಿಸುತ್ತಾರೆ. ಅಣ್ಣ ತಮ್ಮಂದಿರ ಈ ಉಡುಗೆಯನ್ನು ಕಲ್ಪಿಸಿದವರ ಕಣ್ಣು ಅದನ್ನು ಕಂಡಿತ್ತು.

ಯಕ್ಷಗಾನದವರು ಬಣ್ಣ ಹಚ್ಚಿಕೊಳ್ಳುವ ಚೌಕಿಯ ರೀತಿ ಬೇರೆ. ಅಲ್ಲಿ ವೇಷಧಾರಿಯ ಸ್ವಂತ ಮೈಬಣ್ಣಕ್ಕೆ ಲೆಕ್ಕವಿಲ್ಲ. ಬಿಳಿ, ಹಳದಿ, ಕೆಂಪು ಕಲಸಿ ಮುಖಕ್ಕೆ ಹಚ್ಚಿ, ವೇಷಕ್ಕೆ ತಕ್ಕ ಮುಖವನ್ನು ಹೊಸತಾಗಿ ಮಾಡಿಕೊಳ್ಳುತ್ತಾರೆ. ಮದುವೆಯ ಮೇಕಪ್ಪಿನವರು ಈಗ ಅದನ್ನೇ ಮಾಡಲು ಹೊರಟಿದ್ದಾರೆ. ಮದುಮಗಳ ಮುಖ ಒಂದು ಬಣ್ಣ, ಕೈ ಒಂದು ಬಣ್ಣ. ನನ್ನ ಮಟ್ಟಿಗೆ ಆ ರೀತಿ ರಂಗಸ್ಥಳಕ್ಕೆ ಸರಿ. ದಿನನಿತ್ಯದ ಬದುಕಿನಲ್ಲಿ ಮುಖ ಇದ್ದ ಹಾಗೇ ಇರಲಿ, ಬಟ್ಟೆಯೇ ಅದಕ್ಕೆ ಹೊಂದಿಕೊಳ್ಳಲಿ.

ಬಟ್ಟೆಯ ಬಣ್ಣ ಮುಖದ ಬಣ್ಣವನ್ನು ಬದಲಾಯಿಸಿದ ಹಾಗೆ ಕಾಣುವುದು ಹೇಗೆ? ಇದನ್ನು ಶಾಸ್ತ್ರೀಯವಾಗಿ ವಿವರಿಸಿದವರು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಿಶೆಲ್ ಯೂಜೀನ್ ಶೆವ್ರಲ್. ಪ್ಯಾರಿಸ್ಸಿನ ಗೊಬೆಲಿನ್ ಎಂಬ ರಾಜಮನೆತನದ ನೇಯ್ಗೆ ಕಾರ್ಖಾನೆಯಲ್ಲಿ 1824ರಲ್ಲಿ ಅವರು ಬಣ್ಣದ ವಿಭಾಗದ ಮುಖ್ಯಸ್ಥರಾದರು. ಅಲ್ಲಿನ ಕಪ್ಪು ನೂಲು ಮಂಕು ಎಂಬ ದೂರಿತ್ತು. ಶೆವ್ರಲ್ ಬೇರೆ ಕಡೆಯ ನೂಲು ತರಿಸಿ ಹೋಲಿಸಿದರು, ಬಣ್ಣದಲ್ಲಿ ದೋಷವಿರಲಿಲ್ಲ. ಆ ಕಪ್ಪನ್ನು ನೀಲಿ, ನೇರಳೆ ನೂಲಿನ ಪಕ್ಕ ನೇಯ್ದ ಕಾರಣ ಅದು ಸೊರಗಿದಂತೆ ಕಾಣುತ್ತಿತ್ತು. ಪಕ್ಕಪಕ್ಕ ಇಟ್ಟ ಎರಡು ಬಣ್ಣಗಳು ಒಂದರ ಮೇಲೊಂದು ತಮ್ಮ ವಿರುದ್ಧ ಬಣ್ಣದ ನೆರಳು ಹಾಕುತ್ತವೆ ಎಂದು ಅವರು 1839ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದರು. ಯಾವ ಮೈಬಣ್ಣದ ಪಕ್ಕ ಯಾವ ಬಟ್ಟೆ ಏನು ಮಾಡುತ್ತದೆ ಎಂಬುದೂ ಅದರಲ್ಲಿತ್ತು. ಗುಲಾಬಿ ಕೆಂಪು ಬಟ್ಟೆ ಮುಖದ ಕೆಂಪನ್ನು ಕದಿಯುತ್ತದೆ, ತಿಳಿಹಸಿರು ಮುಖಕ್ಕೆ ಕೆಂಪು ಕೊಡುತ್ತದೆ ಎಂದರು. ನೂರು ವರ್ಷ ದಾಟಿ ಬದುಕಿದ ಆ ವಿಜ್ಞಾನಿಯ ಮಾತನ್ನು ಇವತ್ತಿಗೂ ಯಾರು ಬೇಕಾದರೂ ಎರಡು ರವಿಕೆ ತುಂಡು ಹಿಡಿದು ಪರೀಕ್ಷಿಸಬಹುದು.

ಆಮೇಲೆ ಬಂದ ಋತುವಿನ ಲೆಕ್ಕ ಈಗ ಹುಡುಗಿಯರ ಮೊಬೈಲಿನಲ್ಲಿ ಓಡಾಡುತ್ತಿದೆ. ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ಕಲಿಸಿದ ಯೋಹಾನ್ನೆಸ್ ಇಟ್ಟೆನ್, ಒಬ್ಬೊಬ್ಬ ವಿದ್ಯಾರ್ಥಿ ಆರಿಸುವ ಬಣ್ಣಕ್ಕೂ ಅವರ ಕೂದಲು, ಚರ್ಮದ ಬಣ್ಣಕ್ಕೂ ನಂಟಿರುವುದನ್ನು ಗಮನಿಸಿದ್ದರು. 1980ರಲ್ಲಿ ಅಮೆರಿಕದ ಕ್ಯಾರೊಲ್ ಜ್ಯಾಕ್ಸನ್ ಬರೆದ ಪುಸ್ತಕ ಜನರನ್ನೆಲ್ಲ ವಸಂತ, ಬೇಸಿಗೆ, ಶರತ್ಕಾಲ, ಚಳಿಗಾಲ ಎಂದು ನಾಲ್ಕು ಪಾಲು ಮಾಡಿತು. ಹೊಂಬಣ್ಣದ ಕೂದಲು, ಕೆಂಚು ಕೂದಲು, ನೀಲಿ ಕಣ್ಣು ಎಲ್ಲ ಇರುವ ಊರಿಗೆ ಅದು ಸರಿ ಹೋಗಬಹುದು. ಕಪ್ಪು ಕೂದಲು, ಕಪ್ಪು ಕಣ್ಣಿನವರೆಲ್ಲ ಆ ಲೆಕ್ಕದಲ್ಲಿ ಹೆಚ್ಚಾಗಿ ಚಳಿಗಾಲಕ್ಕೇ ಸೇರುತ್ತಾರೆ. ತುಳು, ಕನ್ನಡ, ಚಿತ್ಪಾವನಿ, ಕೊಂಕಣಿ, ಮಲಯಾಳ, ಬ್ಯಾರಿ ಎಲ್ಲ ಕೇಳಿಬರುವ ಈ ಸೀಮೆಯಲ್ಲಿ ಎಣ್ಣೆಗಪ್ಪಿನಿಂದ ಹಾಲುಬಿಳುಪಿನ ತನಕ ಎಲ್ಲ ಬಣ್ಣದವರೂ ನನ್ನ ಅಂಗಡಿಯ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಅವರನ್ನೆಲ್ಲ ಒಂದೇ ಋತುವಿಗೆ ತುಂಬಿಸಿದರೆ ನನಗೆ ಉಪಯೋಗವಿಲ್ಲ.

ನಾನು ನೋಡುವುದು ಎರಡು ಸಂಗತಿ. ಮೊದಲನೆಯದು ಚರ್ಮದ ಒಳಛಾಯೆ. ಚರ್ಮದ ಕಂದು ಮೆಲನಿನ್‌ನಿಂದ, ಕೆಂಪು ರಕ್ತದ ಹಿಮೋಗ್ಲೋಬಿನ್‌ನಿಂದ, ಸ್ವಲ್ಪ ಹಳದಿ ತರಕಾರಿ ಹಣ್ಣಿನಿಂದ ಬರುವ ಕ್ಯಾರೊಟಿನ್‌ನಿಂದ. ಇವು ಬೆರೆಯುವ ಪ್ರಮಾಣದ ಮೇಲೆ ಕೆಲವರ ಚರ್ಮ ಹಳದಿಗೆ ಸರಿಯುತ್ತದೆ, ಕೆಲವರದು ನಸುಗೆಂಪಿಗೆ, ಇನ್ನು ಕೆಲವರದು ಒಂಚೂರು ಹಸಿರಿಗೆ. ಬೆಳ್ಳಗಿನವರೆಲ್ಲ ಕೆಂಪು ಛಾಯೆಯವರು, ಕಪ್ಪಗಿನವರೆಲ್ಲ ಹಳದಿ ಛಾಯೆಯವರು ಎಂದೇನೂ ಇಲ್ಲ. ಮುಂಗೈಯ ನರ ನೀಲಿಯೋ ಹಸಿರೋ ಎಂದು ನೋಡಿ ಛಾಯೆ ಹೇಳುವ ಉಪಾಯ ಎಲ್ಲ ಕಡೆ ಪ್ರಚಾರದಲ್ಲಿದೆ. ಎಣ್ಣೆಗೆಂಪು, ಎಣ್ಣೆಗಪ್ಪಿನ ಕೈಯಲ್ಲಿ ನರವೇ ಸರಿಯಾಗಿ ಕಾಣುವುದಿಲ್ಲ, ಆ ಉಪಾಯ ನಮಗೆ ಬೇಡ. ಅದರ ಬದಲು ಓಣಂ ಸೀರೆಯ ಕೋರಾ ಬಣ್ಣ ಒಂದು ಕಡೆ, ನರ್ಸಮ್ಮನ ಕೋಟಿನ ಅಚ್ಚಬಿಳಿ ಒಂದು ಕಡೆ ಗಲ್ಲದ ಕೆಳಗೆ ಹಿಡಿಯಿರಿ. ಕೋರಾದಲ್ಲಿ ಮುಖ ನಯವಾಗಿ, ಅಚ್ಚಬಿಳಿಯಲ್ಲಿ ಬೂದಿ ಬಳಿದ ಹಾಗೆ ಕಂಡರೆ ನಿಮ್ಮದು ಹಳದಿ ಕಡೆಯ ಛಾಯೆ. ಅಚ್ಚಬಿಳಿಯಲ್ಲಿ ಮುಖ ತಿಳಿಯಾಗಿ, ಕೋರಾದಲ್ಲಿ ಕೊಳಕಾಗಿ ಕಂಡರೆ ಕೆಂಪು ಕಡೆಯದು. ಎರಡರಲ್ಲೂ ಚಂದ ಕಂಡರೆ ಒಳ್ಳೆಯದೇ ಆಯಿತು, ನಿಮಗೆ ಆಯ್ಕೆ ಹೆಚ್ಚು.

ಎರಡನೆಯದು ಗಾಢತೆ. ಬೆಳ್ಳಗಿರಲಿ ಕಪ್ಪಗಿರಲಿ, ಮನುಷ್ಯರ ಚರ್ಮ ಬಣ್ಣದ ಚಕ್ರದಲ್ಲಿ ಕಿತ್ತಳೆಯ ಆಸುಪಾಸಿನಲ್ಲೇ ಇರುತ್ತದೆ. ನಮ್ಮ ನಮ್ಮೊಳಗಿನ ವ್ಯತ್ಯಾಸ ಹೆಚ್ಚಾಗಿ ಗಾಢ, ತಿಳಿ ಎಂಬುದರಲ್ಲಿ. ಇದು ಅರ್ಥವಾದರೆ ಎರಡು ವಿಷಯ ತಾನಾಗಿ ತಿಳಿಯುತ್ತದೆ. ಕಿತ್ತಳೆಯ ಎದುರು ಬರುವ ನೀಲಿ, ಅದರಲ್ಲೂ ಹಸಿರು ಬೆರೆತ ನವಿಲಿನ ಕತ್ತಿನ ನೀಲಿ, ಹೆಚ್ಚುಕಡಿಮೆ ಎಲ್ಲರ ಮುಖಕ್ಕೂ ಜೀವ ತುಂಬುತ್ತದೆ. ಹಾಗೆಯೇ, ನಿಮ್ಮ ಚರ್ಮದಷ್ಟೇ ಗಾಢವಾಗಿರುವ, ಚರ್ಮದ ಬಣ್ಣವನ್ನೇ ಹೋಲುವ ಬಟ್ಟೆ ಮುಖವನ್ನು ನುಂಗಿಹಾಕುತ್ತದೆ. ಗೋಧಿಬಣ್ಣದ ಮುಖಕ್ಕೆ ಬಿಸ್ಕಿಟ್ ಬಣ್ಣ, ಎಣ್ಣೆಗಪ್ಪಿನ ಮುಖಕ್ಕೆ ಮಂಕು ಕಾಫಿ ಬಣ್ಣ ಆಗದಿರುವುದು ಇದಕ್ಕೇ. ಚರ್ಮಕ್ಕಿಂತ ಒಂದೋ ಚೆನ್ನಾಗಿ ತಿಳಿ ಇರಬೇಕು, ಇಲ್ಲವೇ ಚೆನ್ನಾಗಿ ಗಾಢ ಇರಬೇಕು, ಎರಡೂ ಅಲ್ಲದಿದ್ದರೆ ಬಣ್ಣವಾದರೂ ಬಿರುಸಾಗಿರಬೇಕು. ಕಪ್ಪಗಿನ ಮೈಗೆ ಅರಶಿನ ಹಳದಿ, ಕುಂಕುಮ ಕೆಂಪು, ಪುನರ್ಪುಳಿ ಸಾರಿನ ಬಣ್ಣ, ಅಬ್ಬಲಿಗೆ ಬಣ್ಣ, ರಾಣಿ ಗುಲಾಬಿ ಇವೆಲ್ಲ ಹೊಳೆಯುತ್ತವೆ. ಬಿರುಸು ಬಣ್ಣವನ್ನು ಹೊರುವ ಶಕ್ತಿ ಆ ಮೈಬಣ್ಣಕ್ಕೆ ಹೆಚ್ಚು. ಬಹಳ ಬೆಳ್ಳಗಿನವರು ಅದೇ ರಾಣಿ ಗುಲಾಬಿ ಉಟ್ಟರೆ ಬಟ್ಟೆ ನಡೆದುಬಂದ ಹಾಗೆ ಕಾಣುವುದುಂಟು.

ಬೆಳಕಿನ ಮಾತು ಹೇಳದೆ ಬಣ್ಣದ ಮಾತು ಮುಗಿಯುವುದಿಲ್ಲ. ಮುಂಡಾಜೆಯ ಬೆಳಕು ಪೇಟೆಯ ಬೆಳಕಲ್ಲ. ಅಡಿಕೆ ತೋಟದ ನಡುವಿನ ಮನೆಯಲ್ಲಿ ಬಿಸಿಲು ಸೋಗೆಯ ಎಡೆಯಿಂದ ಇಳಿದು ಬರುವಾಗಲೇ ಹಸಿರಾಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಚಾರ್ಮಾಡಿಯ ಕಡೆಯ ಗುಡ್ಡಗಳಿಗೆ ಮೋಡ ಕವಿದು ಕೂತರೆ, ಬೆಳಕೆಲ್ಲ ತಣ್ಣಗೆ ನೀಲಿಗೆ ತಿರುಗುತ್ತದೆ. ಆ ದಿನಗಳಲ್ಲಿ ಬೂದು, ಪಾಚಿ ಹಸಿರು ಉಟ್ಟವರು ಸೋತ ಹಾಗೆ ಕಾಣುತ್ತಾರೆ. ಸಾಸಿವೆ ಹಳದಿ, ಇಟ್ಟಿಗೆ ಕೆಂಪು ಉಟ್ಟವರ ಮುಖದಲ್ಲಿ ಬಿಸಿಲಿನ ಅಂಶ ಸ್ವಲ್ಪ ಉಳಿಯುತ್ತದೆ. ಎಪ್ರಿಲ್, ಮೇ ತಿಂಗಳ ಮದುವೆಯ ಉರಿಬಿಸಿಲಿನಲ್ಲಿ ಅದೇ ಸಾಸಿವೆ ಕಣ್ಣಿಗೆ ಚುಚ್ಚುತ್ತದೆ. ಇಲ್ಲಿಯವರು ಸೀರೆ ತೆಗೆಯುವಾಗ ತಿಂಗಳನ್ನೂ ಲೆಕ್ಕ ಹಿಡಿಯಬೇಕು.

ಅಂಗಡಿಯ ಬೆಳಕಂತೂ ಬೇರೆಯೇ. ಕೃತಕ ಬೆಳಕಿನಲ್ಲಿ ಎಲ್ಲ ಬಣ್ಣದ ಕಿರಣಗಳು ಸಮಪ್ರಮಾಣದಲ್ಲಿ ಇರುವುದಿಲ್ಲ. ಸೀರೆಗೂ ರವಿಕೆ ತುಂಡಿಗೂ ಬೇರೆಬೇರೆ ರಾಸಾಯನಿಕ ಬಣ್ಣ ಹಾಕಿದ್ದರೆ, ಅಂಗಡಿಯೊಳಗೆ ಒಂದೇ ಎಂದು ಕಂಡದ್ದು ಹೊರಗೆ ಬಂದಾಗ ಎರಡಾಗುತ್ತದೆ. ಇದನ್ನು ಮೆಟಾಮೆರಿಸಂ ಎನ್ನುತ್ತಾರೆ. ಮ್ಯಾಚಿಂಗ್ ಟೂ ಬೈ ಟೂ ತುಂಡು ತಂದು, "ಅಲ್ಲಿ ಸರಿ ಇತ್ತು ಅಕ್ಕಾ, ಇಲ್ಲಿ ಎಂತದಕ್ಕೆ ಹೀಗೆ?" ಎಂದು ಕೇಳುವವರು ನನಗೆ ದಿನಾ ಸಿಗುತ್ತಾರೆ. ಸೀರೆಯನ್ನು ಅಂಗಡಿಯ ಬಾಗಿಲಿಗೆ ತಂದು ನೋಡಲು ನಾಚಿಕೆ ಬೇಡ. ಮೊಬೈಲಿನಲ್ಲಿ ಫೋಟೋ ತೆಗೆದು ತೀರ್ಮಾನ ಮಾಡಬೇಡಿ. ಕ್ಯಾಮೆರಾ ತನ್ನಷ್ಟಕ್ಕೆ ಬಿಳಿಯನ್ನು ಸರಿಮಾಡಿಕೊಳ್ಳುತ್ತದೆ, ಚರ್ಮವನ್ನು ನುಣುಪು ಮಾಡುತ್ತದೆ. ಅದು ತೋರಿಸುವುದು ನಿಮ್ಮ ಮುಖವನ್ನಲ್ಲ.

ಮನೆಯಲ್ಲಿ ಪರೀಕ್ಷೆ ಮಾಡುವುದಾದರೆ ಬೆಳಗ್ಗೆ ಒಂಬತ್ತು ಹತ್ತು ಗಂಟೆಗೆ ಜಗಲಿಯಲ್ಲಿ, ಬಿಸಿಲು ನೇರ ಬೀಳದ ಕಡೆ ಕುಳಿತುಕೊಳ್ಳಿ. ತೋಟಕ್ಕೆ ಮುಖ ಮಾಡಬೇಡಿ, ಅಂಗಳದ ಕಡೆ ಮಾಡಿ. ಪೌಡರು ತೊಳೆಯಿರಿ, ಕೂದಲು ಹಿಂದೆ ಕಟ್ಟಿ, ಹಾಕಿಕೊಂಡ ಬಟ್ಟೆಯ ಮೇಲೆ ಬಿಳಿ ಬೈರಾಸು ಹೊದೆಯಿರಿ. ಆಮೇಲೆ ಮನೆಯಲ್ಲಿರುವ ಸೀರೆ, ಶಾಲು, ಬೆಡ್‌ಶೀಟು ಏನಿದ್ದರೂ ಎರಡೆರಡೇ ಗಲ್ಲದ ಕೆಳಗೆ ಹಿಡಿದು ಬದಲಾಯಿಸುತ್ತ ಹೋಗಿ. ಕಣ್ಣು ಬಟ್ಟೆಯ ಮೇಲೆ ಇರಬಾರದು. ಕಣ್ಣಿನ ಕೆಳಗಿನ ಕಪ್ಪು, ಬಾಯಿಯ ಬದಿಯ ಗೆರೆ, ಗಲ್ಲದ ಅಡಿಯ ನೆರಳು, ಈ ಮೂರು ಕಡೆ ಇರಲಿ. ಇನ್ನೊಬ್ಬರು ಜೊತೆಗಿದ್ದು ನೋಡಿದರೆ ಇನ್ನೂ ಒಳ್ಳೆಯದು. ತೋಟದ ಕೆಲಸದವರಿಗೆ ಒಂದು ಮಾತು: ಬಿಸಿಲಿಗೆ ಸುಟ್ಟ ಮುಂಗೈ ನೋಡಿ ಬಣ್ಣ ಆರಿಸಬೇಡಿ, ಬಟ್ಟೆಯ ಮೇಲೆ ನಿಲ್ಲುವುದು ಮುಖ ಮತ್ತು ಕುತ್ತಿಗೆ.

ಇಲ್ಲಿಗೆ ನನ್ನ ಕಸುಬಿನ ಮುಖ್ಯ ವಿಷಯ ಬಂತು. ಆರು ಗಜದ ಸೀರೆಯಲ್ಲಿ ಮುಖಕ್ಕೆ ಸಂಬಂಧ ಇರುವುದು ಒಂದು ಗೇಣಿನಷ್ಟು ಮಾತ್ರ: ಭುಜದ ಮೇಲಿನ ಸೆರಗು, ರವಿಕೆಯ ಕುತ್ತಿಗೆ. ಬೆಳಕು ಬಟ್ಟೆಗೆ ತಾಗಿ ಗಲ್ಲಕ್ಕೆ ಚಿಮ್ಮುವುದು ಅಲ್ಲಿಂದಲೇ. ಮದುವೆ ಮನೆಯಲ್ಲಿ ಫೋಟೋದವರು ಬೆಳ್ಳಿ ಬಣ್ಣದ ತಟ್ಟೆ ಹಿಡಿದು ಮುಖಕ್ಕೆ ಬೆಳಕು ತಿರುಗಿಸುವುದನ್ನು ನೋಡಿರಬಹುದು. ರೇಷ್ಮೆ ರವಿಕೆ ಅದೇ ಕೆಲಸವನ್ನು ಬಣ್ಣ ಸೇರಿಸಿ ಮಾಡುತ್ತದೆ. ಹತ್ತಿ ಕಡಿಮೆ ಚಿಮ್ಮಿಸುತ್ತದೆ, ಹಾಗಾಗಿ ಆಗದ ಬಣ್ಣವನ್ನೂ ಹತ್ತಿಯಲ್ಲಿ ಸಹಿಸಿಕೊಳ್ಳಬಹುದು.

ಹೋದ ಮದುವೆ ಸೀಸನಿನಲ್ಲಿ ಒಂದು ಹುಡುಗಿ ತಾಯಿಯ ಜೊತೆ ಬಂದಳು. ಎಣ್ಣೆಗಪ್ಪು ಮೈ, ಬೆಳ್ಳಿ ಗೆರೆಯ ಹಾಗಿನ ನಗು. ತಂದದ್ದು ಬೇಬಿ ಪಿಂಕ್ ಸೀರೆ, ತಿಳಿ ಜರಿ. ರವಿಕೆಯೂ ಅದೇ ತುಂಡಿನಲ್ಲಿ. ತಾಯಿ, "ಬೆಳ್ಳಗೆ ಕಾಣ್ಲಿ ಅಂತ ತೆಗೊಂಡದ್ದು" ಎಂದರು. ಹುಡುಗಿ ನೆಲ ನೋಡುತ್ತಿದ್ದಳು. ಅವಳನ್ನು ಬಾಗಿಲ ಬಳಿ ಕನ್ನಡಿಯ ಮುಂದೆ ನಿಲ್ಲಿಸಿ ಸೆರಗು ಹಾಕಿದೆ. ಗುಲಾಬಿ ಪುಡಿ ಎರಚಿದ ಹಾಗೆ ಮುಖ ಬೂದಾಯಿತು, ತುಟಿಯ ಬಣ್ಣ ಹೋಯಿತು. ಸೀರೆ ಬದಲಾಯಿಸುವ ಹಾಗಿರಲಿಲ್ಲ. ಕಪಾಟಿನಿಂದ ಪುನರ್ಪುಳಿ ಬಣ್ಣದ ರೇಷ್ಮೆ ತುಂಡು ತೆಗೆದು ಕುತ್ತಿಗೆಯ ಸುತ್ತ ಇಟ್ಟು, ಅದರ ಮೇಲೆ ಅದೇ ಸೆರಗನ್ನು ಭುಜದಿಂದ ನಾಲ್ಕು ಬೆರಳು ಹೊರಗೆ ಸರಿಸಿ ಪಿನ್ ಮಾಡಿದೆ. ಗುಲಾಬಿಗೂ ಚರ್ಮಕ್ಕೂ ನಡುವೆ ಆ ಗಾಢ ಬಣ್ಣ ಬಂದು ನಿಂತ ಕೂಡಲೇ ಹುಡುಗಿಯ ಕಣ್ಣು ಎದ್ದು ಕಂಡಿತು. "ಅಮ್ಮಾ, ನೋಡು" ಎಂದಳು. ತಾಯಿ ತುಂಬ ಹೊತ್ತು ನೋಡಿ, "ಹಾಗೇ ಹೊಲೀರಿ" ಎಂದರು. ಬೆಳ್ಳಗೆ ಕಾಣುವ ಮಾತು ಮತ್ತೆ ಬರಲಿಲ್ಲ.

ನೆಟ್ ಬಟ್ಟೆ, ಶಿಫಾನ್ ಬಂದರೆ ಲೈನಿಂಗ್ ಬಣ್ಣವೂ ಲೆಕ್ಕಕ್ಕೆ. ಚರ್ಮದ ಬಣ್ಣದ್ದೆಂದು ಅಂಗಡಿಯಲ್ಲಿ ಕೊಡುವ ತಿಳಿ ಬಿಸ್ಕಿಟ್ ಲೈನಿಂಗ್ ನಮ್ಮಲ್ಲಿ ಎಷ್ಟು ಜನರ ಚರ್ಮದ ಬಣ್ಣ? ಎಣ್ಣೆಗಪ್ಪಿನ ಕೈಗೆ ಕಾಫಿ ಬಣ್ಣದ ಲೈನಿಂಗ್ ಹಾಕಿದರೇ ಅದು ಮರೆಯಾಗುವುದು. ನಾನು ಮೂರು ನಾಲ್ಕು ಕಂದು ಬಣ್ಣಗಳನ್ನು ತಂದಿಟ್ಟುಕೊಂಡು ಮೊಣಕೈಯ ಒಳಬದಿಗೆ ಹಿಡಿದು ಆರಿಸುತ್ತೇನೆ.

ನಮ್ಮ ಸೀಮೆಗೆ ನಂಟಿರುವ ಬಟ್ಟೆಯ ಬಗ್ಗೆ ನನಗೆ ವಿಶೇಷ ಪ್ರೀತಿ. ಉಡುಪಿ ಸೀರೆ ಎಂಬ ಹತ್ತಿಯ ಕೈಮಗ್ಗದ ಸೀರೆಗೆ 2016ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿದೆ. ಕಿನ್ನಿಗೋಳಿ ಸಮೀಪದ ತಾಳಿಪಾಡಿ ನೇಕಾರರ ಸಂಘದವರು, ಕದಿಕೆ ಟ್ರಸ್ಟಿನವರು ಸೇರಿ ಅದನ್ನು ಉಳಿಸಿದ್ದಾರೆ, ಸಹಜ ಬಣ್ಣದಲ್ಲೂ ನೇಯುತ್ತಾರೆ. ಸಾಗರ ತಾಲೂಕಿನ ಹೆಗ್ಗೋಡಿನ ಚರಕ ಸಂಸ್ಥೆಯವರು ಅಡಿಕೆ ಚೊಗರಿನಿಂದ ಬಟ್ಟೆಗೆ ಬಣ್ಣ ಕಟ್ಟುತ್ತಾರೆ. ನಮ್ಮ ಮುಂಡಾಜೆಯಲ್ಲಿ ಅಡಿಕೆಯನ್ನು ಸಿಪ್ಪೆ ಸಮೇತ ಅಂಗಳದಲ್ಲಿ ಒಣಗಿಸಿ ಚಾಲಿ ಮಾಡುತ್ತೇವೆ, ಬೇಯಿಸುವುದಿಲ್ಲ, ಹಾಗಾಗಿ ಚೊಗರಿಲ್ಲ. ಘಟ್ಟದ ಮೇಲೆ ಎಳೆಯಡಿಕೆ ಬೇಯಿಸಿ ಕೆಂಪಡಿಕೆ ಮಾಡುವಾಗ ಉಳಿಯುವ ಆ ಕೆಂಪು ರಸದಿಂದ ಇಟ್ಟಿಗೆಗೆಂಪು, ಕಂದು ಬರುತ್ತದೆ. ಅದರ ಒಗರಿಗೆ ಕಬ್ಬಿಣ ತಾಗಿದರೆ ಬೂದು, ಕಪ್ಪು. ಸಹಜ ಬಣ್ಣಗಳು ಕಣ್ಣಿಗೆ ಮೆತ್ತಗೆ ಎಂಬುದು ನಿಜ, ಆದರೆ ಚೊಗರಿನ ಬಣ್ಣ ನಮ್ಮ ಚರ್ಮದ ಬಣ್ಣಕ್ಕೆ ಬಹಳ ಹತ್ತಿರದ್ದು. ಎಣ್ಣೆಗೆಂಪಿನವರು ಅದನ್ನು ಕುತ್ತಿಗೆಯ ತನಕ ಹಾಕಿದರೆ ಮುಖ ಕರಗುತ್ತದೆ. ಚೊಗರಿನ ಸೀರೆಗೆ ನೀಲಿ ರವಿಕೆ ಹೊಲಿಸಿ ನೋಡಿ. ಆ ಜೋಡಿಯಷ್ಟು ಚಂದ ನಾನು ಬೇರೆ ಕಂಡಿಲ್ಲ.

ಪ್ರಾಯವಾದವರ ವಿಷಯದಲ್ಲೂ ನಮ್ಮ ರೂಢಿ ಸರಿಯಿಲ್ಲ. ಕೂದಲು ನರೆತ ಕೂಡಲೇ ತಿಳಿಬಣ್ಣಕ್ಕೆ ಇಳಿಸುತ್ತೇವೆ. ಕೂದಲು ಕಪ್ಪಿದ್ದಾಗ ಮುಖಕ್ಕೆ ಒಂದು ಚೌಕಟ್ಟು ಇತ್ತು. ಅದು ಬಿಳಿಯಾದ ಮೇಲೆ ಬಟ್ಟೆಯೂ ಮಂಕಾದರೆ ಮುಖಕ್ಕೆ ಆಧಾರವೇ ಇಲ್ಲ. ಬೆಳ್ಳಿ ಕೂದಲಿನ ಅಜ್ಜಿಗೆ ಗಾಢ ನೇರಳೆ, ಬಾಟಲ್ ಗ್ರೀನ್, ಕಡುನೀಲಿ ಉಡಿಸಿ ನೋಡಿ. ಗಂಡಸರಿಗೂ ಇದೇ ಮಾತು. ಬಿಳಿ ಪಂಚೆಗೆ ಬಿಳಿ ಶರ್ಟೇ ಆಗಬೇಕೆಂದಿಲ್ಲ, ನವಿಲು ನೀಲಿ ಶರ್ಟು ಹಾಕಿದವರು ಆರೋಗ್ಯವಂತರಾಗಿ ಕಾಣುತ್ತಾರೆ.

ಕೊನೆಗೆ ಸಮಿತಿಯವರಲ್ಲಿ ಒಂದು ಕೇಳಿಕೆ. ಬ್ರಹ್ಮಕಲಶ ಬಂದರೆ, ಸಂಘದ ವಾರ್ಷಿಕೋತ್ಸವ ಬಂದರೆ, ಭಜನಾ ಮಂಡಳಿ ಆದರೆ ಎಲ್ಲ ಹೆಂಗಸರಿಗೂ ಒಂದೇ ಬಣ್ಣದ ಸೀರೆ ಎಂದು ತೀರ್ಮಾನ ಮಾಡುತ್ತೀರಿ. ಸಾಲಾಗಿ ನಿಂತಾಗ ಅದು ಚಂದವೇ. ಉಜಿರೆಯ ರುಡ್‌ಸೆಟ್ ಸಂಸ್ಥೆಯಲ್ಲಿ ಹೊಲಿಗೆ ಕಲಿತು ಅಂಗಡಿ ಇಟ್ಟ ನನ್ನಂಥ ಹೆಂಗಸರಿಗೆ ಅದರಿಂದ ಕೆಲಸವೂ ಸಿಗುತ್ತದೆ. ಸೀರೆ ಮೆರೂನ್, ನವಿಲು ನೀಲಿ, ಬಾಟಲ್ ಗ್ರೀನ್ ಇವುಗಳಲ್ಲಿ ಒಂದಾಗಿದ್ದರೆ ಯಾವ ಮೈಬಣ್ಣದವರಿಗೂ ಅನ್ಯಾಯವಾಗುವುದಿಲ್ಲ. ತಿಳಿ ಕೇಸರಿಯೋ ಕೆನೆ ಬಣ್ಣವೋ ಆಗಲೇಬೇಕೆಂದಿದ್ದರೆ ಅಂಚು ಗಾಢ ಇರುವುದನ್ನು ತೆಗೆಯಿರಿ, ರವಿಕೆಯ ಬಣ್ಣವನ್ನು ಮಾತ್ರ ಅವರವರಿಗೆ ಬಿಡಿ. ಅಂಚಿನಲ್ಲಿ ಇರುವ ಎರಡು ಮೂರು ಬಣ್ಣಗಳಲ್ಲಿ ಯಾವುದಾದರೂ ಸರಿ ಎಂದು ಹೇಳಿದರೆ ಸಾಲಿನ ಚಂದ ಕೆಡುವುದಿಲ್ಲ. ಅಳತೆಗೆ ಬರುವಾಗ ಸೀರೆಯನ್ನೂ ಜೊತೆಗೆ ತನ್ನಿ. ಒಬ್ಬೊಬ್ಬರನ್ನೇ ಬಾಗಿಲ ಬೆಳಕಿಗೆ ನಿಲ್ಲಿಸಿ ತುಂಡು ಹಿಡಿದು ನೋಡಲು ನನಗೆ ಬೇಸರವಿಲ್ಲ.